ಮುಂದಿನ ಗೇಮ್ ಕನ್ಸೋಲ್: ಒಳಗೆ ಏನಿರುತ್ತದೆ, ಕೈಗೆ ಎಷ್ಟಕ್ಕೆ ಬರುತ್ತದೆ

ಆಕಾಶವಾಣಿ ಭದ್ರಾವತಿಯ ಕೇಳುಗರಿಗೆ ನಮಸ್ಕಾರ.

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿ ನನ್ನ ಅಕ್ಕನ ಮನೆಯಿದೆ. ಅಕ್ಕನ ಮಗ ಈಚೆಗೆ ಪಿಯುಸಿ ಮುಗಿಸಿದ್ದಾನೆ. ಎರಡು ಸುಗ್ಗಿಗಳಲ್ಲಿ ನೆರೆಯವರ ಅಂಗಳದಲ್ಲಿ ಕುಳಿತು ರಾತ್ರಿಯೆಲ್ಲ ಅಡಿಕೆ ಸುಲಿದು ಕೂಡಿಸಿದ ಹಣ ಅವನ ಬಳಿ ಇದೆ. "ಮಾವ, ಈಗಿರುವ ಪ್ಲೇಸ್ಟೇಷನ್ ತಗೊಳ್ಳಲೋ, ಹೊಸದು ಬರುವ ತನಕ ಕಾಯಲೋ?" ಎಂದು ಅವನು ಕೇಳಿದಾಗ ನಾನು ಒಂದೇ ಮಾತಿನಲ್ಲಿ ಉತ್ತರ ಹೇಳಲಿಲ್ಲ. ಬೆವರು ಸುರಿಸಿ ಗಳಿಸಿದ ಹಣದ ಪ್ರಶ್ನೆಗೆ ಲೆಕ್ಕ ಹಾಕಿಯೇ ಉತ್ತರಿಸಬೇಕು. ಇಲೆಕ್ಟ್ರಾನಿಕ್ಸ್ ಪಾಠ ಹೇಳಿಕೊಂಡು ಬಂದ ನನಗೆ ಆ ಲೆಕ್ಕ ಪ್ರಿಯವಾದದ್ದೂ ಹೌದು. ಅವನಿಗೆ ಬಿಡಿಸಿ ಹೇಳಿದ್ದನ್ನೇ ಇಂದು ನಿಮ್ಮ ಮುಂದೆಯೂ ಇಡುತ್ತೇನೆ.

ಪ್ಲೇಸ್ಟೇಷನ್‌ನಂಥ, ಟಿವಿಗೆ ಜೋಡಿಸಿ ಆಡುವ ಯಂತ್ರಕ್ಕೆ ಕನ್ಸೋಲ್ ಎನ್ನುತ್ತಾರೆ. ಹೊಸ ಕನ್ಸೋಲ್ ಬರುತ್ತದೆ ಎಂದಾಗ ಮೊದಲು ಕಿವಿಗೆ ಬೀಳುವ ಪದ ಟೆರಾಫ್ಲಾಪ್. ಚಿತ್ರ ಬಿಡಿಸುವ ಚಿಪ್ಪು ಒಂದು ಸೆಕೆಂಡಿನಲ್ಲಿ ಎಷ್ಟು ಲಕ್ಷ ಕೋಟಿ ಲೆಕ್ಕಗಳನ್ನು ಮಾಡಬಲ್ಲದು ಎಂಬುದರ ಅಳತೆ ಅದು. 2020ರ ನವೆಂಬರಿನಲ್ಲಿ ಒಂದೇ ವಾರದೊಳಗೆ ಬಂದ ಎರಡು ಯಂತ್ರಗಳನ್ನು ನೋಡಿ: ಸೋನಿಯ ಪ್ಲೇಸ್ಟೇಷನ್ 5ರದು 10.28 ಟೆರಾಫ್ಲಾಪ್, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನದು ಸುಮಾರು 12. ಈ ಅಂಕಿಗಳನ್ನಷ್ಟೇ ನಂಬಿದವರು ಎರಡನೆಯದರ ಚಿತ್ರ ಎದ್ದು ಕಾಣುವಷ್ಟು ಚೆನ್ನಾಗಿರುತ್ತದೆ ಎಂದುಕೊಂಡಿದ್ದರು. ಆದರೆ ಎರಡರಲ್ಲೂ ಬಂದ ಆಟಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ಬಹುಪಾಲು ವ್ಯತ್ಯಾಸ ಕೂದಲೆಳೆಯಷ್ಟೇ ಇತ್ತು. ಎರಡಕ್ಕೂ ಎಎಂಡಿ ಕಂಪನಿಯದೇ ಎಂಟು ಕೋರ್‌ಗಳ ಪ್ರೊಸೆಸರ್, ಎರಡಕ್ಕೂ 16 ಜಿಬಿ ಮೆಮೊರಿ. ಎಕ್ಸ್‌ಬಾಕ್ಸ್‌ನಲ್ಲಿ ಲೆಕ್ಕ ಮಾಡುವ ಘಟಕಗಳು 52 ಇದ್ದು ನಿಧಾನವಾಗಿ ಓಡಿದರೆ, ಪ್ಲೇಸ್ಟೇಷನ್‌ನಲ್ಲಿ 36 ಇದ್ದು ವೇಗವಾಗಿ ಓಡುತ್ತವೆ. ಗದ್ದೆಯಲ್ಲಿ ಆಳುಗಳು ಎಷ್ಟು ಜನ ಎಂದಷ್ಟೇ ಕೇಳಿ ನಾಟಿ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಹೇಳಲು ಬರುವುದಿಲ್ಲ. ಸಸಿಯ ಕಟ್ಟು ಅವರ ಕೈಗೆ ಹೊತ್ತಿಗೆ ಸರಿಯಾಗಿ ತಲುಪುತ್ತಿದೆಯೇ ಎಂಬುದನ್ನೂ ಕೇಳಬೇಕು.

ಕನ್ಸೋಲಿನಲ್ಲಿ ಸಸಿ ತಲುಪಿಸುವ ಕೆಲಸ ಮೆಮೊರಿಯದು, ಮತ್ತು ನನ್ನ ದೃಷ್ಟಿಯಲ್ಲಿ ಯಾವ ಯಂತ್ರವನ್ನಾದರೂ ಅಳೆಯಲು ಮೊದಲು ನೋಡಬೇಕಾದದ್ದು ಅದನ್ನೇ. 2013ರಲ್ಲಿ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಎರಡೂ 8 ಜಿಬಿ ಮೆಮೊರಿಯೊಡನೆ ಬಂದವು. ಕಾಗದದ ಮೇಲೆ ಸರಿಸಮ. ಆದರೆ ಸೋನಿ ಬಳಸಿದ ಮೆಮೊರಿ ಸೆಕೆಂಡಿಗೆ 176 ಜಿಬಿ ಮಾಹಿತಿಯನ್ನು ಸಾಗಿಸುತ್ತಿತ್ತು. ಮೈಕ್ರೋಸಾಫ್ಟ್ ಬಳಸಿದ್ದು ಸಾಮಾನ್ಯ ಕಂಪ್ಯೂಟರಿನ ಜಾತಿಯ ಮೆಮೊರಿ, ಅದರ ವೇಗ 68 ಜಿಬಿ. ಕೊರತೆ ತುಂಬಲು ಚಿಪ್ಪಿನೊಳಗೆ 32 ಎಂಬಿಯ ವೇಗದ ಪುಟ್ಟ ಕಣಜವೊಂದನ್ನು ಇಟ್ಟಿದ್ದರೂ, ಅದರೊಳಗೆ ಎಲ್ಲವನ್ನೂ ಹೊಂದಿಸುವುದು ಆಟ ಬರೆಯುವವರಿಗೆ ಕಷ್ಟವಾಯಿತು. ಜೊತೆಗೆ ಆಡುವವರ ಚಲನೆ ಗುರುತಿಸುವ ಕಿನೆಕ್ಟ್ ಕ್ಯಾಮೆರಾವನ್ನು ಕಡ್ಡಾಯವಾಗಿ ಸೇರಿಸಿದ್ದರಿಂದ ಎಕ್ಸ್‌ಬಾಕ್ಸ್ ಒನ್‌ನ ಬೆಲೆ 499 ಡಾಲರ್ ಆಗಿತ್ತು, ಎದುರಾಳಿಯದು 399. ಮುಂದಿನ ವರ್ಷವೇ ಕ್ಯಾಮೆರಾ ಬಿಟ್ಟು 399ಕ್ಕೆ ಇಳಿಸಬೇಕಾಯಿತಾದರೂ ಅಷ್ಟರಲ್ಲಿ ಸೋನಿ ಬಹಳ ಮುಂದೆ ಹೋಗಿತ್ತು.

ಮೆಮೊರಿಯ ಪ್ರಮಾಣವೇ ಕಡಿಮೆಯಾದರೆ ಏನಾಗುತ್ತದೆ ಎಂಬುದಕ್ಕೆ ಈಚಿನ ಉದಾಹರಣೆಯಿದೆ. 2020ರ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಅಮೆರಿಕದಲ್ಲಿ 299 ಡಾಲರಿಗೆ, ನಮ್ಮಲ್ಲಿ 34,990 ರೂಪಾಯಿಗೆ ಬಂದ ಅಗ್ಗದ ಯಂತ್ರ. ಅಗ್ಗ ಮಾಡಲು ಮೆಮೊರಿಯನ್ನು 10 ಜಿಬಿಗೆ ಇಳಿಸಿದ್ದರು. 2023ರಲ್ಲಿ ಬಾಲ್ಡರ್ಸ್ ಗೇಟ್ 3 ಎಂಬ ದೊಡ್ಡ ಆಟ ಸೆಪ್ಟೆಂಬರಿನಲ್ಲಿ ಪ್ಲೇಸ್ಟೇಷನ್ 5ಕ್ಕೆ ಬಂತು. ಎಕ್ಸ್‌ಬಾಕ್ಸ್‌ಗೆ ಬಂದದ್ದು ಡಿಸೆಂಬರಿನಲ್ಲಿ. ಪರದೆಯನ್ನು ಎರಡು ಭಾಗ ಮಾಡಿ ಇಬ್ಬರು ಆಡುವ ಸೌಲಭ್ಯ ಸೀರೀಸ್ ಎಸ್‌ನಲ್ಲಿ ನಡೆಯಲಿಲ್ಲ, ಅದನ್ನು ಕೈಬಿಟ್ಟ ಮೇಲೆಯೇ ಆಟ ಹೊರಬರಲು ಸಾಧ್ಯವಾಯಿತು. ಕೊಂಡ ದಿನ ಲಾಭವೆನಿಸಿದ ಉಳಿತಾಯ ಮೂರು ವರ್ಷಗಳ ಬಳಿಕ ಹೀಗೆ ತನ್ನ ಬಾಕಿಯನ್ನು ವಸೂಲಿ ಮಾಡಿತು. ಅಣ್ಣ ತಮ್ಮ ಒಂದೇ ಟಿವಿಯ ಮುಂದೆ ಕುಳಿತು ಆಡುವ ನಮ್ಮಂಥ ಮನೆಗಳಲ್ಲಿ ಅದು ಸಣ್ಣ ನಷ್ಟವಲ್ಲ.

ಸಂಗ್ರಹದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ತಟ್ಟೆ ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಹೋಗಿ ಚಿಪ್ಪಿನಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿ ಬಂದಿದೆ, ಪ್ಲೇಸ್ಟೇಷನ್ 5ರಲ್ಲಿ ಅದು ಸೆಕೆಂಡಿಗೆ 5.5 ಜಿಬಿ ಓದುತ್ತದೆ. ಕಾಯುವ ಹೊತ್ತು ಬಹುತೇಕ ಇಲ್ಲವಾಗಿದೆ. ಮುಂದಿನ ಪೀಳಿಗೆಯಲ್ಲಿ ಇಲ್ಲಿ ಅಂಥ ದೊಡ್ಡ ಜಿಗಿತವನ್ನು ನಾನು ನಿರೀಕ್ಷಿಸುವುದಿಲ್ಲ.

ಜಿಗಿತ ಬರುವುದು ಬೇರೆ ಕಡೆಯಿಂದ. ಚಿತ್ರವನ್ನು ಪೂರ್ತಿಯಾಗಿ ಲೆಕ್ಕ ಹಾಕಿ ಬಿಡಿಸುವ ಬದಲು ಸಣ್ಣದಾಗಿ ಬಿಡಿಸಿ, ಕಲಿಕೆ ಪಡೆದ ತಂತ್ರಾಂಶದ ನೆರವಿನಿಂದ ಅದನ್ನು ದೊಡ್ಡದು ಮಾಡುವ ವಿಧಾನ ಈಗ ನೆಲೆಯೂರಿದೆ. 2025ರ ಜೂನ್ 5ರಂದು ಬಂದ ನಿಂಟೆಂಡೊ ಸ್ವಿಚ್ 2, ಎನ್‌ವಿಡಿಯಾದ ಚಿಪ್ಪು, 12 ಜಿಬಿ ಮೆಮೊರಿ ಮತ್ತು ಡಿಎಲ್‌ಎಸ್‌ಎಸ್ ಎಂಬ ಈ ತಂತ್ರದ ಬಲದಿಂದ, ಕೈಯಲ್ಲಿ ಹಿಡಿದು ಆಡುವ ಯಂತ್ರವಾಗಿದ್ದೂ ದೊಡ್ಡ ಆಟಗಳನ್ನು ನಡೆಸುತ್ತದೆ. 2024ರ ನವೆಂಬರಿನ ಪ್ಲೇಸ್ಟೇಷನ್ 5 ಪ್ರೊ ಕೂಡ ತನ್ನದೇ ಬಗೆಯಲ್ಲಿ ಇದನ್ನೇ ಮಾಡುತ್ತದೆ. 2025ರ ಅಕ್ಟೋಬರಿನಲ್ಲಿ ಸೋನಿಯ ಕನ್ಸೋಲ್ ವಿನ್ಯಾಸಕ ಮಾರ್ಕ್ ಸೆರ್ನಿ ಎಎಂಡಿಯವರ ಜೊತೆ ಕುಳಿತು ಮುಂದಿನ ಚಿಪ್ಪುಗಳ ಬಗ್ಗೆ ಮಾತನಾಡಿದಾಗ ಮೂರು ವಿಷಯಗಳನ್ನು ಎತ್ತಿ ಹೇಳಿದರು: ಈ ಕಲಿಕೆಯ ಲೆಕ್ಕಗಳನ್ನು ಘಟಕಗಳು ಒಟ್ಟಾಗಿ ಮಾಡುವ ವ್ಯವಸ್ಥೆ, ಆಟದ ದೃಶ್ಯದಲ್ಲಿ ಬೆಳಕು, ನೆರಳು ಸಹಜವಾಗಿ ಕಾಣಲು ಬೆಳಕಿನ ಕಿರಣಗಳನ್ನು ಬೆನ್ನಟ್ಟುವುದಕ್ಕೇ ಮೀಸಲಾದ ಕೋರ್‌ಗಳು, ಮತ್ತು ಮೆಮೊರಿಗೆ ಹೋಗಿಬರುವ ಎಲ್ಲ ಮಾಹಿತಿಯನ್ನೂ ಒತ್ತಿ ಚಿಕ್ಕದು ಮಾಡುವ ಏರ್ಪಾಡು. ಇವು ಬರುವುದು ಕೆಲವು ವರ್ಷಗಳ ಬಳಿಕದ ಕನ್ಸೋಲಿನಲ್ಲಿ ಎಂದೂ ಹೇಳಿದರು. ನನ್ನ ಗಮನ ಸೆಳೆದದ್ದು ಮೂರನೆಯ ವಿಷಯ. ಮೆಮೊರಿಯ ವೇಗವನ್ನು ಹಣ ಕೊಟ್ಟು ಹೆಚ್ಚಿಸುವುದು ದುಬಾರಿಯಾದಾಗಲೇ ಮಾಹಿತಿಯನ್ನು ಒತ್ತಿ ಕಳಿಸುವ ಯೋಚನೆ ಬರುತ್ತದೆ.

ಇಲ್ಲಿಂದ ಬೆಲೆಯ ಮಾತು ಶುರುವಾಗುತ್ತದೆ.

ಕನ್ಸೋಲ್ ಬಂದ ದಿನ ದುಬಾರಿ, ಕಾದಷ್ಟೂ ಅಗ್ಗ ಎಂಬುದು ನಾವು ಕಂಡು ಬೆಳೆದ ನಿಯಮ. 2000ದಲ್ಲಿ ಅಮೆರಿಕದಲ್ಲಿ 299 ಡಾಲರಿಗೆ ಬಂದ ಪ್ಲೇಸ್ಟೇಷನ್ 2 ಎರಡೇ ವರ್ಷದಲ್ಲಿ 199ಕ್ಕೆ, 2009ರಲ್ಲಿ 99ಕ್ಕೆ ಇಳಿಯಿತು. ಚಿಪ್ಪಿನೊಳಗಿನ ಗೆರೆಗಳು ಕಿರಿದಾದಂತೆ ಚಿಪ್ಪು ಕತ್ತರಿಸುವ ಒಂದೇ ಸಿಲಿಕಾನ್ ಬಿಲ್ಲೆಯಿಂದ ಹೆಚ್ಚು ಚಿಪ್ಪುಗಳು ಸಿಗುತ್ತಿದ್ದವು, ತಯಾರಿಕೆಯ ಖರ್ಚು ಇಳಿಯುತ್ತಿತ್ತು. ಈಗ ಗೆರೆ ಕಿರಿದಾದರೂ ಬಿಲ್ಲೆಯ ಬೆಲೆಯೇ ಏರುತ್ತಿರುವುದರಿಂದ ಆ ಲಾಭ ಕರಗಿಹೋಗಿದೆ. ಪ್ಲೇಸ್ಟೇಷನ್ 5 ಡಿಸ್ಕ್ ಮಾದರಿ 2020ರಲ್ಲಿ 499 ಡಾಲರ್ ಇದ್ದದ್ದು ಐದು ವರ್ಷ ಹಳೆಯದಾಗುವ ಹೊತ್ತಿಗೆ, 2025ರ ಆಗಸ್ಟಿನಲ್ಲಿ, 549 ಆಯಿತು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಅದೇ ವರ್ಷ ಎರಡು ಸಲ ಏರಿ ಅಕ್ಟೋಬರಿನಲ್ಲಿ 649 ಡಾಲರ್ ಮುಟ್ಟಿತು. ಇದರ ಮೇಲೆ ಮೆಮೊರಿಯ ಅಭಾವ ಬಂದಿದೆ. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಕಂಪನಿಗಳು ಲೋಕದ ಬಹುಪಾಲು ಮೆಮೊರಿಯನ್ನು ಮಾಡುತ್ತವೆ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಹೆಚ್ಚು ಬೆಲೆ ಕೊಡುವುದರಿಂದ ಇವುಗಳ ಉತ್ಪಾದನೆ ಅತ್ತ ಹೊರಳಿದೆ. ಸಾಮಾನ್ಯ ಗ್ರಾಹಕರಿಗೆ ಮೆಮೊರಿ ಮಾರುತ್ತಿದ್ದ ತನ್ನ ಕ್ರೂಶಿಯಲ್ ವ್ಯವಹಾರವನ್ನೇ ಮುಚ್ಚುವುದಾಗಿ ಮೈಕ್ರಾನ್ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಮುಂದಿನ ಕನ್ಸೋಲಿಗೆ 16 ಜಿಬಿ ಸಾಲದು, 24ಕ್ಕಿಂತ ಕಡಿಮೆ ಇಟ್ಟರೆ ಸೀರೀಸ್ ಎಸ್‌ನ ಕಥೆಯೇ ಮರುಕಳಿಸುತ್ತದೆ ಎಂದು ನಾನು ನಂಬಿದ್ದೇನೆ. ಅಗತ್ಯವಾದ ವಸ್ತುವೇ ದುಬಾರಿಯಾದಾಗ ಯಂತ್ರ ಅಗ್ಗವಾಗಿರಲು ದಾರಿಯಿಲ್ಲ.

ಒಂದು ದಾರಿ ಇತ್ತು. ಯಂತ್ರವನ್ನು ನಷ್ಟಕ್ಕೆ ಮಾರಿ, ಆಮೇಲೆ ಪ್ರತಿ ಆಟದ ಮಾರಾಟದಲ್ಲಿ ಸಿಗುವ ಪಾಲಿನಿಂದ ಅದನ್ನು ತುಂಬಿಕೊಳ್ಳುವುದು. 2006ರ ಪ್ಲೇಸ್ಟೇಷನ್ 3 ಹೀಗೆಯೇ ಬಂದಿತ್ತು. ಆದರೆ ಆ ದಾರಿಯೂ ಕಿರಿದಾಗುತ್ತಿದೆ. ಮುಂದಿನ ಎಕ್ಸ್‌ಬಾಕ್ಸ್ ಆಟ ಮಾರುವ ಒಂದೇ ಆನ್‌ಲೈನ್ ಅಂಗಡಿಗೆ ಕಟ್ಟುಬಿದ್ದಿರುವುದಿಲ್ಲ ಎಂದು ಮೈಕ್ರೋಸಾಫ್ಟ್ 2025ರ ಜೂನಿನಲ್ಲಿ, ಎಎಂಡಿಯೊಡನೆ ಹಲವು ವರ್ಷಗಳ ಒಪ್ಪಂದವನ್ನು ಪ್ರಕಟಿಸುವಾಗ ಹೇಳಿತು. ಆಡುವವರಿಗೆ ಇದು ಒಳ್ಳೆಯ ಸುದ್ದಿ. ಆದರೆ ಆಟವನ್ನು ಬೇರೆಯವರ ಅಂಗಡಿಯಲ್ಲಿ ಕೊಂಡರೆ ಮೈಕ್ರೋಸಾಫ್ಟ್‌ಗೆ ಪಾಲು ಬರುವುದಿಲ್ಲ, ಪಾಲು ಬಾರದ ಮೇಲೆ ಯಂತ್ರವನ್ನು ನಷ್ಟಕ್ಕೆ ಕೊಡಲು ಕಾರಣವೂ ಇರುವುದಿಲ್ಲ. ಸ್ಟೀಮ್ ಎಂಬ ಆಟದ ಅಂಗಡಿ ನಡೆಸುವ ವಾಲ್ವ್ ಕಂಪನಿ 2025ರ ನವೆಂಬರಿನಲ್ಲಿ ತನ್ನ ಯಂತ್ರ ಸ್ಟೀಮ್ ಮೆಷೀನ್ ಅನ್ನು ಪರಿಚಯಿಸಿದಾಗಲೂ ಇದೇ ಧೋರಣೆ ಕಂಡಿತು: ಆರು ಕೋರ್‌ಗಳು, 16 ಜಿಬಿ ಮೆಮೊರಿ, ಚಿತ್ರಕ್ಕೆ ಬೇರೆಯಾಗಿ 8 ಜಿಬಿ, ಮತ್ತು ಬೆಲೆ ಅದೇ ಶಕ್ತಿಯ ಕಂಪ್ಯೂಟರಿನ ಆಸುಪಾಸು.

ಈ ಡಾಲರ್ ಲೆಕ್ಕ ಶಿವಮೊಗ್ಗದ ನೆಹರು ರಸ್ತೆಯ ಅಂಗಡಿಗೆ ಬಂದಾಗ ಎಷ್ಟಾಗುತ್ತದೆ? ಹಳೆಯ ಬೆಲೆಗಳನ್ನು ಹರಡಿಕೊಂಡು ಕುಳಿತಾಗ ನನಗೊಂದು ಸಂಗತಿ ಕಂಡಿತು. ಪ್ಲೇಸ್ಟೇಷನ್ 4 ಅಲ್ಲಿ 399 ಡಾಲರ್, 2014ರಲ್ಲಿ ಇಲ್ಲಿಗೆ ಬಂದದ್ದು 39,990 ರೂಪಾಯಿಗೆ. ಪ್ಲೇಸ್ಟೇಷನ್ 5 ಅಲ್ಲಿ 499, 2021ರ ಫೆಬ್ರುವರಿಯಲ್ಲಿ ಇಲ್ಲಿ 49,990. ಎರಡು ಸಲವೂ ಡಾಲರಿಗೆ ನೂರು ರೂಪಾಯಿ ಎಂದು ಹಿಡಿದಂತಿದೆ. ಮೊದಲ ಸಲ ಡಾಲರು 60ರ ಮೇಲಿತ್ತು, ಎರಡನೆಯ ಸಲ 70ರ ಮೇಲೆ. ತೆರಿಗೆ, ಸುಂಕ, ಸಾಗಣೆ, ಅಂಗಡಿಯವರ ಲಾಭ ಎಲ್ಲವೂ ಆ ನೂರರೊಳಗೆ ಹಿಡಿಸುತ್ತಿದ್ದವು. 2022ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 5 ಇಲ್ಲಿ 54,990 ಆದಾಗಲೇ ಆ ಲೆಕ್ಕ ಸಡಿಲಿತು. 2025ರ ಕೊನೆಗೆ ಡಾಲರು 90 ಮುಟ್ಟಿತು. ವಿಡಿಯೋ ಗೇಮ್ ಕನ್ಸೋಲ್‌ಗಳ ಜಿಎಸ್‌ಟಿ 2019ರ ಜನವರಿಯಿಂದ ಶೇ 28ರಿಂದ 18ಕ್ಕೆ ಇಳಿದದ್ದು ನಿಜವಾದರೂ, 90ಕ್ಕೆ ಶೇ 18 ಸೇರಿಸಿದರೆ 106 ದಾಟುತ್ತದೆ. ಆಮದು ಸುಂಕ ಇನ್ನೂ ಬಾಕಿ. ಹಾಗಾಗಿ 600 ಡಾಲರಿನ ಯಂತ್ರ 64 ಸಾವಿರಕ್ಕಿಂತ ಕೆಳಗೆ, 700 ಡಾಲರಿನದು 74 ಸಾವಿರಕ್ಕಿಂತ ಕೆಳಗೆ ಬರಲಾರದು ಎಂಬುದು ನನ್ನ ಅಂದಾಜು.

ಬರುವುದೇ ಇಲ್ಲ ಎಂಬ ಸಾಧ್ಯತೆಯೂ ಇದೆ. ಪ್ಲೇಸ್ಟೇಷನ್ 5 ಪ್ರೊದಲ್ಲಿರುವ ವೈಫೈ 7 ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಭಾರತದಲ್ಲಿ ಆಗ ಅನುಮತಿ ಇರಲಿಲ್ಲವೆಂಬ ಕಾರಣಕ್ಕೆ ಸೋನಿ ಅದನ್ನು ಇಲ್ಲಿ ಬಿಡುಗಡೆ ಮಾಡಲಿಲ್ಲ. ಅದೇ ಪ್ರೊ 2024ರಲ್ಲಿ ಅಮೆರಿಕದಲ್ಲಿ ಬಂದದ್ದು 699 ಡಾಲರಿಗೆ, ಅದೂ ಡಿಸ್ಕ್ ಡ್ರೈವ್ ಇಲ್ಲದೆ. ಡ್ರೈವ್ ಬೇಕಾದವರು ಪ್ರತ್ಯೇಕವಾಗಿ ಕೊಳ್ಳಬೇಕು.

ಡಿಸ್ಕ್ ಡ್ರೈವ್ ಕೈಬಿಡುವ ಈ ರೂಢಿಯ ಬಗ್ಗೆ ನನಗೆ ನಿಜವಾದ ಆತಂಕವಿದೆ. ನಗರದಲ್ಲಿ ಫೈಬರ್ ಸಂಪರ್ಕ ಇರುವವರಿಗೆ ಇದು ಗಮನಕ್ಕೂ ಬಾರದು. ಅಕ್ಕನ ಮನೆಯಲ್ಲಿ ಸೆಕೆಂಡಿಗೆ 20 ಮೆಗಾಬಿಟ್ ಸಿಕ್ಕರೆ ಅದು ಒಳ್ಳೆಯ ದಿನ. ಆ ವೇಗದಲ್ಲಿ 100 ಜಿಬಿಯ ಆಟವೊಂದು ಇಳಿಯಲು ಹನ್ನೊಂದು ತಾಸು ಬೇಕು. ಮಳೆಗಾಲದಲ್ಲಿ ಮರದ ಕೊಂಬೆ ಬಿದ್ದು ತಂತಿ ಹರಿದರೆ ಹನ್ನೊಂದು ತಾಸು ಹನ್ನೊಂದು ದಿನವಾಗಬಹುದು. ಡಿಸ್ಕ್ ಇದ್ದರೆ ಆಟದ ಹೆಚ್ಚಿನ ಭಾಗ ಅದರಿಂದಲೇ ಯಂತ್ರಕ್ಕೆ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, 4,999 ರೂಪಾಯಿ ಕೊಟ್ಟು ಕೊಂಡ ಡಿಸ್ಕನ್ನು ಆಡಿ ಮುಗಿಸಿದ ಮೇಲೆ ಗೆಳೆಯನಿಗೆ ಕೊಡಬಹುದು, ಮಾರಬಹುದು, ಬದಲಿಗೆ ಇನ್ನೊಂದನ್ನು ತರಬಹುದು. ವರ್ಷಕ್ಕೆ ನಾಲ್ಕು ಆಟ ಕೊಳ್ಳುವ ಹುಡುಗನಿಗೆ ಡಿಸ್ಕ್ ಮಾದರಿಗೆ ಹೆಚ್ಚಾಗಿ ಕೊಟ್ಟ ಹಣ ಒಂದೆರಡು ವರ್ಷದಲ್ಲಿ ತೀರಿಹೋಗುತ್ತದೆ.

ಮಲೆನಾಡಿನ ಮನೆಗೆ ಇನ್ನೂ ಒಂದು ಖರ್ಚಿದೆ. ಇಂದಿನ ಕನ್ಸೋಲ್ ಆಡುವಾಗ ಸುಮಾರು 200 ವ್ಯಾಟ್ ಎಳೆಯುತ್ತದೆ, ಪ್ರೊ ಇನ್ನೂ ಹೆಚ್ಚು. ಎಸ್‌ಎಸ್‌ಡಿಗೆ ಮಾಹಿತಿ ಬರೆಯುತ್ತಿರುವಾಗ ಕರೆಂಟು ಹೋದರೆ ಉಳಿಸಿದ ಆಟ ಕೆಡುವ ಅಪಾಯವಿದೆ. ಆದ್ದರಿಂದ ಶುದ್ಧ ಸೈನ್ ವೇವ್ ಕೊಡುವ ಇನ್ವರ್ಟರಿನ ಸಾಲಿಗೆ ಅದನ್ನು ಜೋಡಿಸಬೇಕು, ಅರ್ತಿಂಗ್ ಸರಿಯಿರಬೇಕು, ಏಪ್ರಿಲ್ ಮೇ ತಿಂಗಳ ಸಿಡಿಲಿನ ಸಂಜೆಗಳಲ್ಲಿ ಪ್ಲಗ್ ಕಿತ್ತಿಡಬೇಕು. ಇಂಟರ್ನೆಟ್ಟಿನ ಕೇಬಲ್ಲನ್ನೂ ಕೀಳಬೇಕು, ಸಿಡಿಲು ಆ ದಾರಿಯಿಂದಲೂ ಬರುತ್ತದೆ.

ಇಷ್ಟು ಲೆಕ್ಕ ಮುಗಿಸಿದ ಮೇಲೆ ಹುಡುಗನಿಗೆ ಕಾಯಬೇಡ ಎಂದೆ. ಮುಂದಿನದು ಬರಲು ವರ್ಷಗಳಿವೆ, ಬಂದಾಗ ಅಗ್ಗವಾಗಿರುವುದಿಲ್ಲ, ಈಗಿರುವುದು ಕಾದರೆ ಇಳಿಯುವ ಲಕ್ಷಣವೂ ಇಲ್ಲ. ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಕೊಳ್ಳುವುದೆಂದು ಇಬ್ಬರೂ ಒಪ್ಪಿದ್ದೇವೆ. ಅವನ ಹಣಕ್ಕೆ ಕಡಿಮೆ ಬೀಳುವುದನ್ನು ನಾನು ಸೇರಿಸುತ್ತೇನೆಂದರೆ ಅವನು ಒಪ್ಪಲಿಲ್ಲ. ಈ ಸುಗ್ಗಿಯಲ್ಲಿ ಇನ್ನೊಂದಿಷ್ಟು ರಾತ್ರಿ ಸುಲಿಯುತ್ತೇನೆ ಎಂದಿದ್ದಾನೆ. ಅಲ್ಲಿಯವರೆಗೆ ಅಕ್ಕನ ಮನೆಯ ಅರ್ತಿಂಗ್ ಗುಂಡಿಗೆ ಹೊಸ ಇದ್ದಿಲು, ಉಪ್ಪು ಹಾಕಿಸುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ.

ನಮಸ್ಕಾರ.