ಟೈಲರ್ ಟೇಪಿನಲ್ಲಿ ಕಂಡ ಕಲಬುರಗಿ

ಎಲ್ಲರಿಗೂ ಶರಣು. ಹೊರಗೆ ಮಿರ್ಚಿ ಭಜಿ ಕರಿಯುವ ವಾಸನೆ ಬರ್ತಾ ಇದೆ. ಈ ಹೊತ್ತಿನಲ್ಲಿ ಬೊಜ್ಜಿನ ಬಗ್ಗೆ ಮಾತಾಡೋದು ಸ್ವಲ್ಪ ಕಷ್ಟವೇ.

ಸೂಪರ್ ಮಾರ್ಕೆಟ್ ಹತ್ತಿರ ನನ್ನ ಟೈಲರ್ ಇದ್ದಾರೆ. ಮೊನ್ನೆ ಹಳೆಯ ಅಳತೆ ಪುಸ್ತಕ ತೆಗೆದು ತೋರಿಸಿದರು. ಒಂದೇ ಮನೆಯ ಮೂರು ತಲೆಮಾರು: ಅಜ್ಜನ ಸೊಂಟ 30 ಇಂಚು, ಮಗನದು 34, ಕಾಲೇಜಿಗೆ ಹೋಗುವ ಮೊಮ್ಮಗನದು 36. ಮೊಮ್ಮಗ ಹೊಟ್ಟೆಬಾಕ ಅನ್ನಬೇಡಿ. ಅಜ್ಜನ ಬುತ್ತಿಯಲ್ಲಿ ಐದಾರು ರೊಟ್ಟಿ ಇರುತ್ತಿದ್ದವು, ಸಂಜೆಗೆ ಎಲ್ಲ ಹೊಲದಲ್ಲೇ ಕರಗುತ್ತಿದ್ದವು.

ನಮ್ಮ ಕಡೆ ಮೊದಲು ಅನ್ನ ಅಂದರೆ ಹಬ್ಬ. ದಿನಕ್ಕೆ ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. 2013ರಲ್ಲಿ ಅನ್ನಭಾಗ್ಯ ಬಂತು, ಕೆಜಿಗೆ 1 ರೂಪಾಯಿಗೆ ಅಕ್ಕಿ. ಅದನ್ನು ಹಳಿಯುವವರು ಹಸಿವು ಕಂಡಿಲ್ಲ. ಆದರೆ ಕುಕ್ಕರ್ ಮೂರು ಸೀಟಿ ಹೊಡೆದರೆ ಅನ್ನ ರೆಡಿ. ರೊಟ್ಟಿಗೆ ಎಸರು ಕುದಿಸಬೇಕು, ಹಿಟ್ಟು ನಾದಬೇಕು, ತಟ್ಟಬೇಕು, ಹಂಚಿಗೆ ಹಾಕಿ ಮೇಲೆ ನೀರು ಸವರಬೇಕು. ಮೇ ತಿಂಗಳ ಬಿಸಿಲಲ್ಲಿ ಒಲೆ ಮುಂದೆ ಒಂದು ತಾಸು. ದುಡಿದು ಬಂದ ಸೊಸೆಗೆ 'ರೊಟ್ಟಿನೇ ಮಾಡು' ಅನ್ನುವ ಗಂಡಸರು ಒಮ್ಮೆ ತಾವೇ ಇಪ್ಪತ್ತು ತಟ್ಟಿ ನೋಡಲಿ.

ಅಕ್ಕಿಗಿಂತ ನನಗೆ ಎಣ್ಣೆಯ ಮೇಲೇ ಜಾಸ್ತಿ ಅನುಮಾನ. ಅವ್ವ ಗಾಣದ ಕುಸುಬಿ ಎಣ್ಣೆಯನ್ನು ಸಣ್ಣ ಮಿಳ್ಳೆಯಲ್ಲಿ ಅಳೆದು ಹಾಕುತ್ತಿದ್ದಳು. ಈಗ ಪಾಕೆಟ್ ಕತ್ತರಿಸಿ ಸುರಿಯುತ್ತೇವೆ. ಲೆಕ್ಕ ಹಾಕಿ: ನಾಲ್ಕು ಜನರ ಮನೆಗೆ ತಿಂಗಳಿಗೆ 5 ಲೀಟರ್ ಅಂದರೆ ತಲೆಗೆ ದಿನಕ್ಕೆ ಸುಮಾರು 40 ಎಂಎಲ್. ಗ್ರಾಂಗೆ 9 ಕ್ಯಾಲೊರಿಯಂತೆ ಮುನ್ನೂರು ದಾಟಿತು. ಇದರಲ್ಲಿ ಹೊರಗಿನ ಭಜಿ ಸೇರಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. 2022ರಲ್ಲಿ ಜಗತ್ತಿನ ಎಂಟು ಜನರಲ್ಲಿ ಒಬ್ಬರಿಗೆ ಬೊಜ್ಜಿತ್ತು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕರ್ನಾಟಕದಲ್ಲಿ ತೂಕ ಹೆಚ್ಚಿದ ಹೆಂಗಸರು 2015-16ರ ಸಮೀಕ್ಷೆಯಲ್ಲಿ ನೂರಕ್ಕೆ 23, ಮುಂದಿನದರಲ್ಲಿ 30. ಅದೇ ಹೊತ್ತಿಗೆ ನಮ್ಮ ಯಾದಗಿರಿ ಕಡೆ ತೂಕ ಬಾರದ ಕೂಸುಗಳೂ ಇವೆ. ಕೆಲವು ಸಲ ಒಂದೇ ಮನೆಯಲ್ಲಿ, ಅಪ್ಪನಿಗೆ ಹೊಟ್ಟೆ, ಮಗಳಿಗೆ ರಕ್ತ ಕಡಿಮೆ.

ಅಮೆರಿಕದಲ್ಲಿ ಕೆವಿನ್ ಹಾಲ್ ಅನ್ನುವ ವಿಜ್ಞಾನಿ 20 ಜನರನ್ನು ಆಸ್ಪತ್ರೆಯಲ್ಲೇ ಇಟ್ಟು ಊಟ ಹಾಕಿಸಿದರು. ಎರಡು ವಾರ ಕಾರ್ಖಾನೆ ತಿನಿಸು, ಎರಡು ವಾರ ಸಾದಾ ಅಡುಗೆ. ಬಡಿಸಿದ ಸಕ್ಕರೆ, ಕೊಬ್ಬು ಎರಡರಲ್ಲೂ ಸಮ. ಬೇಕಾದಷ್ಟು ತಿನ್ನಿ ಅಂದರು. ಕಾರ್ಖಾನೆ ತಿನಿಸಿನ ದಿನಗಳಲ್ಲಿ ಜನ ಬೇಗಬೇಗ ತಿಂದರು, ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ. 2019ರಲ್ಲಿ ಇದು ಪ್ರಕಟವಾಯಿತು. ಓದಿದಾಗ ನನಗೆ ನಮ್ಮ ಕಡಕ್ ರೊಟ್ಟಿ ನೆನಪಾಯಿತು. ಅದನ್ನು ಯಾರು ಗಡಿಬಿಡಿಯಲ್ಲಿ ತಿನ್ನುತ್ತಾರೆ ಹೇಳಿ? ಹಾಗಂತ ರೊಟ್ಟಿ ತಿಂದರೆ ತೆಳ್ಳಗಾಗ್ತೀರಿ ಅಂತ ನಾನು ಹೇಳಲ್ಲ. ತುಪ್ಪ ಹಚ್ಚಿ ಎಂಟು ತಿಂದರೆ ಜೋಳ ಏನು ಮಾಡೀತು?

ತೆಳ್ಳಗಿರುವವರೂ ಸುಮ್ನೆ ನಗಬೇಡಿ. ಪುಣೆಯ ಡಾ. ಯಾಜ್ಞಿಕ್ ತೋರಿಸಿದಂತೆ ನಮ್ಮ ಕೂಸುಗಳು ಸಣ್ಣಗೆ ಹುಟ್ಟಿದರೂ ಒಳಗೆ ಕೊಬ್ಬು ಇಟ್ಟುಕೊಂಡಿರುತ್ತವೆ. ಅದಕ್ಕೇ ನಮ್ಮವರಿಗೆ ತೂಕಕ್ಕಿಂತ ಹೊಟ್ಟೆಯ ಅಳತೆ ಮುಖ್ಯ: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಅಳೆಯೋದು ಹೊಕ್ಕಳ ಮಟ್ಟದಲ್ಲಿ, ಉಸಿರು ಬಿಟ್ಟು. ಬೆಲ್ಟ್ ಹೊಟ್ಟೆ ಕೆಳಗೆ ಇಳಿಸಿ ಅಳೆದರೆ ನಡೆಯಲ್ಲ.

ಟೈಲರ್ ಹತ್ತಿರ ಟೇಪು ಕೇಳಿ ತಂದಿದ್ದೇನೆ. ಮೊದಲು ನನ್ನದೇ ಅಳೆಯಿರಿ. ಬೆಳಿಗ್ಗೆ 94 ಇತ್ತು.