ಬಲಗಾಲಿನ ಚಪ್ಪಲಿ

(ಕುಮಟಾದಲ್ಲಿ ಮಹಿಳಾ ಸಂಘಟನೆಯೊಂದರ ಹಿರಿಯ ಕಾರ್ಯಕರ್ತೆಯ ಸನ್ಮಾನ ಸಭೆಯಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಆ ಮೈಕು ಸ್ವಲ್ಪ ಕೆಳಗಿಳಿಸು ತಮ್ಮಾ. ನನ್ನ ಎತ್ತರಕ್ಕೆ ಸರಿಯಾದ ಮೈಕು ಈ ಜಿಲ್ಲೆಯಲ್ಲಿ ಇನ್ನೂ ಸಿಕ್ಕಿಲ್ಲ.

ಶಾಲು ಆಯ್ತು, ಹಾರ ಆಯ್ತು, ಹಣ್ಣಿನ ಬುಟ್ಟಿಯೂ ಆಯ್ತು. ಅಕ್ಕೋರು ಆ ಸಿಂಹಾಸನದಂಥ ಕುರ್ಚಿಯಲ್ಲಿ ಒದ್ದಾಡ್ತಾ ಕೂತಿದ್ದು ನಿಮಗೂ ಕಾಣ್ತಿರಬೇಕು. 19 ವರ್ಷ ಕೋರ್ಟಿನ ಹೊರಗಿನ ಬೆಂಚಿನ ಮೇಲೆ ಕೂತವರಿಗೆ ಮೆತ್ತೆ ಹಾಕಿದ ಕುರ್ಚಿ ಒಗ್ಗೋದಿಲ್ಲ. ಅವರ ಹೆಸರು ಬ್ಯಾನರಿನಲ್ಲಿದೆ, ನಾನು ಹೇಳೋದಿಲ್ಲ. ಶಾಲೆಯಿಂದ ನಿವೃತ್ತಿ ಆಗಿ ಇಷ್ಟು ವರ್ಷವಾದ್ರೂ ಊರಿಗೆಲ್ಲ ಅವರು ಅಕ್ಕೋರೇ. ಅವರ ಹತ್ತಿರ ಮಗ್ಗಿ ಕಲಿತವರೂ ಅಕ್ಕೋರೇ ಅಂತಾರೆ, ಅವರು ಯಾರ ಮೇಲೆ ಅರ್ಜಿ ಬರೆಸಿದ್ರೋ ಆ ಗಂಡಸರೂ ಅಕ್ಕೋರೇ ಅಂತಾರೆ. ಕೆಲವು ಸಲ ಎರಡೂ ಒಬ್ಬರೇ.

ನನ್ನದೊಂದು ತಕರಾರಿದೆ. ನನಗಿಂತ ಮುಂಚೆ ಮಾತಾಡಿದವರು ‘ತ್ಯಾಗ’ ಅನ್ನುವ ಶಬ್ದವನ್ನು ಎಷ್ಟು ಸಲ ಹೇಳಿದ್ರು ಅಂತ ಬೆರಳು ಮಡಚಿ ಎಣಿಸ್ತಾ ಇದ್ದೆ. ಒಂದು ಕೈ ಸಾಕಾಗಲಿಲ್ಲ. ಬಿನ್ನವತ್ತಳೆಯಲ್ಲಿ ‘ತ್ಯಾಗಮಯಿ’ ಅಂತ ಅಚ್ಚು ಹಾಕಿಸಿ ಚೌಕಟ್ಟೂ ಕಟ್ಟಿಸಿದ್ದೀರಿ. ನಾನು ವಕೀಲೆ, ಶಬ್ದದ ಮೇಲೆ ಜಗಳ ಮಾಡಿ ಹೊಟ್ಟೆ ಹೊರೆಯುವವಳು. ತ್ಯಾಗ ಅಂದ್ಬಿಟ್ರೆ ಆಮೇಲೆ ಯಾರೂ ಲೆಕ್ಕ ಕೇಳೋ ಹಾಗಿಲ್ಲ. ಬಸ್ಸಿನ ಚಾರ್ಜು ಯಾರು ಕೊಟ್ರು, ಝೆರಾಕ್ಸಿಗೆ ಯಾರು ಕೊಟ್ರು, ರಾತ್ರಿ ಓಡಿ ಬಂದ ಹೆಂಗಸಿಗೂ ಮಗುವಿಗೂ ಯಾರ ಮನೆಯ ಗಂಜಿ ಹೋಯ್ತು, ಒಂದೂ ಕೇಳೋ ಹಾಗಿಲ್ಲ. ಅಕ್ಕೋರು ಮಾಡಿದ್ದು ಕೆಲಸ. ಅದಕ್ಕೆ ಖರ್ಚಿದೆ. ಆ ಖರ್ಚು ಅವರ ಪಿಂಚಣಿಯಿಂದ ಹೋಗಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆ ಪಿಂಚಣಿ ಸ್ವಲ್ಪ ಉಸಿರಾಡ್ತಾ ಇದೆ. ಆದರೆ ಬಸ್ಸು ಇಳಿದ ಮೇಲಿನ ರಿಕ್ಷಾದವನಿಗೆ ಆಧಾರ್ ಕಾರ್ಡು ತೋರಿಸಿದ್ರೆ ಅವನು ನಗ್ತಾನೆ.

ಅವರ ಚೀಲ ನೋಡಿದ್ದೀರಾ? ಈಗಲೂ ಕುರ್ಚಿಯ ಕೆಳಗಿದೆ, ಶಾಲು ಮುಚ್ಚಿದೆ ಅಷ್ಟೆ. ಅದರಲ್ಲಿ ಒಂದು ಪಟ್ಟಿ ಇರ್ತದೆ. ಘಟ್ಟದ ಆಚೆಯಿಂದ ಬಂದವರಿಗೆ ಹೇಳ್ತೇನೆ, ನಮ್ಮ ಕಡೆ ಪಟ್ಟಿ ಅಂದ್ರೆ ನೋಟ್‌ಬುಕ್ಕು. ಹೆಬ್ಬೆಟ್ಟಿಗೆ ಇಂಕಿನ ಪ್ಯಾಡು, ಬೆರಳು ಒರೆಸೋದಕ್ಕೆ ಹಳೇ ಸೀರೆಯ ತುಂಡು, ಒಂದು ಬಿಸ್ಕಿಟ್ ಪೊಟ್ಟಣ. ಬಿಸ್ಕಿಟ್ ಮಗುವಿಗೆ. ತಾಯಿ ಹೇಳಿಕೆ ಕೊಡುವಾಗ ಮಗುವಿನ ಬಾಯಿಗೆ ಕೆಲಸ ಬೇಕು, ಇಲ್ಲದಿದ್ರೆ ಅದು ತಾಯಿಯ ಮುಖ ನೋಡ್ತಾ ಕೂರ್ತದೆ. ಇದನ್ನು ನನಗೆ ಕಾನೂನು ಕಾಲೇಜಿನಲ್ಲಿ ಯಾರೂ ಹೇಳಿಕೊಡಲಿಲ್ಲ.

ಈಗ ಚಪ್ಪಲಿಯ ಕತೆ. ಅಕ್ಕೋರು ತಲೆ ಅಲ್ಲಾಡಿಸ್ತಿದ್ದಾರೆ, ಬೇಡ ಅಂತ. ಹೇಳಿಯೇ ಹೇಳ್ತೇನೆ.

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ ಕಾಯ್ದೆ ಆದದ್ದು 2005ರಲ್ಲಿ, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ಕ್ಕೆ. ಅಕ್ಕೋರು ನಿವೃತ್ತಿಯಾದದ್ದೂ ಅದೇ ವರ್ಷ. ಕಾಯ್ದೆ ಬಂದು ಕೆಲವು ವರ್ಷ ಆಗಿತ್ತು, ಜುಲೈ ತಿಂಗಳು, ನಮ್ಮ ಕರಾವಳಿಯ ಮಳೆ. ಸಮುದ್ರದ ಬದಿಯ ಒಂದು ಕೇರಿಯಿಂದ ಹೆಂಗಸೊಬ್ಬಳು ಬೆಳಗಿನ ಜಾವ ಅಕ್ಕೋರ ಮನೆ ಜಗಲಿಗೆ ಬಂದಳು. ಬಗಲಲ್ಲಿ ಐದು ವರ್ಷದ ಮಗಳು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, 61 ದಿನ. ಬೋಟು ದಡದಲ್ಲಿ, ಗಂಡ ಮನೆಯಲ್ಲಿ, ಕೈಯಲ್ಲಿ ಕಾಸಿಲ್ಲ, ಬಾಟ್ಲಿಗೆ ಮಾತ್ರ ಎಲ್ಲಿಂದಲೋ ಸಿಗ್ತದೆ. ಅಕ್ಕೋರ ಪಟ್ಟಿ ತಿರುವಿ ಹಾಕಿದ್ರೆ ಆ ಎರಡು ತಿಂಗಳ ಪುಟ ಬೇಗ ತುಂಬಿರ್ತದೆ. ಮೀನುಗಾರರ ಮನೆಯದ್ದು ಮಾತ್ರ ಅಂತ ತಿಳಿಯಬೇಡಿ, ಮುಂದಿನ ಸಾಲಿನವರು ನಿರಾಳವಾಗಿ ಕೂತ್ಕೊಂಡ್ರಿ! ಅಡಕೆ ತೋಟದ ಮನೆಯವೂ ಇವೆ, ಅಧಿಕಾರಿಗಳ ಮನೆಯವೂ ಇವೆ. ಅವರು ಜಗಲಿಗೆ ಬರೋದಿಲ್ಲ, ಹಿಂದಿನ ಬಾಗಿಲಿಗೆ ಬರ್ತಾರೆ.

ಅರ್ಜಿ ಬರೆಯೋದು ನನ್ನ ಪಾಲಿಗೆ ಬಂತು. ಹೆಂಗಸರಿಗೆ ಉಚಿತ ಕಾನೂನು ನೆರವಿಗೆ ವರಮಾನದ ಮಿತಿ ಇಲ್ಲ, ಇದನ್ನು ಮನೆಗೆ ಹೋಗಿ ನಾಲ್ಕು ಜನರಿಗೆ ಹೇಳಿ. ನಾನು ಹೊಸ ಹುರುಪಿನಲ್ಲಿ ‘ಮಾನಸಿಕ, ದೈಹಿಕ, ಆರ್ಥಿಕ’ ಅಂತೆಲ್ಲ ಎರಡು ಪುಟ ಬರೆದೆ. ಅಕ್ಕೋರು ಓದಿ, ‘ಚಂದ ಆಯ್ತು. ಅವಳ ಸಾಮಾನಿನ ಯಾದಿ ಎಲ್ಲಿ?’ ಅಂದ್ರು. 19ನೇ ಕಲಮಿನಲ್ಲಿ ಹೆಂಗಸಿನ ಸ್ವತ್ತು ವಾಪಸು ಕೊಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ, ನನಗೆ ಅದು ಗೊತ್ತಿರಲಿಲ್ಲ ಅಂತಲ್ಲ, ಹೊಳೆದಿರಲಿಲ್ಲ. ಸರಿ, ಅಕ್ಕೋರು ಅವಳ ಪಕ್ಕದಲ್ಲಿ ಕೂತು ಬರೆಸಿದ್ರು. ಆಧಾರ್ ಕಾರ್ಡು. ರೇಶನ್ ಕಾರ್ಡು. ಸ್ವಸಹಾಯ ಸಂಘದ ಪಾಸ್‌ಬುಕ್ಕು. ಎರಡು ಕೊಡಪಾನ. ತವರಿನಿಂದ ತಂದ ಕಿವಿಯೋಲೆ. ಮೀನಿನ ಬುಟ್ಟಿ. ಹೀಗೆ ಹದಿನಾರು. ಹದಿನೇಳನೆಯದು: ಮಗಳ ಬಲಗಾಲಿನ ಚಪ್ಪಲಿ.

ನಾನು ಪೆನ್ನು ತಗೊಂಡು ಅದನ್ನು ಹೊಡೆದು ಹಾಕಿದೆ. ಕೋರ್ಟು ನಗ್ತದೆ ಅಕ್ಕೋರೆ, ಅಂದೆ.

ಅಕ್ಕೋರು ಚೀಲದಿಂದ ಒಂದು ಪ್ಲಾಸ್ಟಿಕ್ ಕೊಟ್ಟೆ ತೆಗೆದು ನನ್ನ ಮೇಜಿನ ಮೇಲೆ ಇಟ್ರು. ಒಳಗೆ ಎಡಗಾಲಿನ ಚಪ್ಪಲಿ. ಗುಲಾಬಿ ಬಣ್ಣ, ಬಾರಿಗೆ ಒಂದು ಚಿಟ್ಟೆ ಅಂಟಿಸಿದ್ದು, ಮಳೆ ಮಣ್ಣು ಇನ್ನೂ ಒಣಗಿರಲಿಲ್ಲ. ‘ಗಂಡ ಏನು ಹೇಳ್ತಾನೆ? ಅವಳಾಗಿಯೇ ತವರಿಗೆ ಹೋದ್ಲು ಅಂತ, ಅಲ್ವಾ? ತವರಿಗೆ ಹೋಗುವ ಮಗು ಒಂದೇ ಕಾಲಿಗೆ ಚಪ್ಪಲಿ ಹಾಕ್ಕೊಂಡು ಹೋಗ್ತದಾ ತಂಗಿ?’ ಅಂದ್ರು.

ನನಗೆ ಬಾಯಿ ಬರಲಿಲ್ಲ. ಹದಿನೇಳನೆಯದನ್ನು ಮತ್ತೆ ಬರೆದೆ. ಕೋರ್ಟಿನಲ್ಲಿ ಆ ಸಾಲು ಬಂದಾಗ ಯಾರೂ ನಗಲಿಲ್ಲ.

ಕತೆ ಇಲ್ಲಿಗೇ ಮುಗಿದಿದ್ರೆ ಚಪ್ಪಾಳೆ ತಟ್ಟಬಹುದಿತ್ತು. ಕಾಯ್ದೆಯಲ್ಲಿ ಬರೆದಿದೆ, ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ಅಲ್ಲಿಂದ 60 ದಿನದೊಳಗೆ ಅರ್ಜಿ ಇತ್ಯರ್ಥ ಮಾಡಲು ಪ್ರಯತ್ನಿಸಬೇಕು. ‘ಪ್ರಯತ್ನಿಸಬೇಕು’ ಅನ್ನುವ ಶಬ್ದದ ಮೇಲೆ ನಮ್ಮ ಅರ್ಧ ವೃತ್ತಿ ನಿಂತಿದೆ. ನಮಗೆ ಹಿಡಿದದ್ದು ಹದಿನಾಲ್ಕು ತಿಂಗಳು. ಒಂದು ಸಲ ನೋಟಿಸು ಮುಟ್ಟಲಿಲ್ಲ, ಒಂದು ಸಲ ವರದಿ ಬರಲಿಲ್ಲ, ಒಂದು ಸಲ ಎದುರು ವಕೀಲರ ಮನೆಯಲ್ಲಿ ಮದುವೆ. ಒಂದು ಕಚೇರಿಯಲ್ಲಿ ಇಡೀ ಕಡತವೇ ಕಾಣೆಯಾಗಿ, ಅಕ್ಕೋರು ತಮ್ಮ ಪಟ್ಟಿ ನೋಡಿ ತಾರೀಕು ಸಮೇತ ಎಲ್ಲವನ್ನೂ ಮತ್ತೆ ಬರೆಸಿದ್ರು. ಪ್ರತಿ ತಾರೀಕಿಗೂ ಅವರು ಅವಳ ಜೊತೆ ಬೆಂಚಿನ ಮೇಲೆ. ಕಡೆಗೆ ಆದೇಶ ಆಗಿ, ಪೊಲೀಸರ ಜೊತೆ ಆ ಮನೆಗೆ ಹೋದಾಗ ಚಪ್ಪಲಿ ಬಾಗಿಲ ಹಿಂದೆ ಹಾಗೇ ಇತ್ತು. ಚಿಟ್ಟೆಯ ಒಂದು ರೆಕ್ಕೆ ಹೋಗಿತ್ತು. ಮಗುವಿನ ಕಾಲಿಗೆ ಹಾಕಿ ನೋಡಿದ್ರು. ಹಿಮ್ಮಡಿ ಒಂದೂವರೆ ಬೆರಳು ಹೊರಗೆ ಬಂತು.

(ನೀರು ಕೊಡಿ ಒಂಚೂರು.)

ಅದಕ್ಕೇ ಹೇಳೋದು, ತ್ಯಾಗ ಅನ್ನಬೇಡಿ. ಹದಿನಾಲ್ಕು ತಿಂಗಳ ತಾರೀಕಿಗೆ ಹೋಗಿ ಬಂದ ಖರ್ಚನ್ನು ನಾನೊಮ್ಮೆ ಕೂಡಿಸಲು ಹೊರಟಿದ್ದೆ. ಅಕ್ಕೋರು ಪಟ್ಟಿ ಕಿತ್ತುಕೊಂಡ್ರು. ಅವರ ಮೇಲೆ ನನಗಿರುವ ಒಂದೇ ಸಿಟ್ಟು ಅದು. ನೀವು ಲೆಕ್ಕ ಮುಚ್ಚಿಟ್ರೆ, ನಿಮ್ಮ ಹಿಂದೆ ಬರುವ ಹುಡುಗಿಗೆ ಪಿಂಚಣಿ ಇರೋದಿಲ್ಲ ಅಕ್ಕೋರೆ. ಅವಳು ಎರಡು ತಿಂಗಳು ಬಂದು ನಿಲ್ಲಿಸ್ತಾಳೆ. ನಿಲ್ಲಿಸಿದ್ದಾರೆ, ನೀವೇ ನೋಡಿದ್ದೀರಿ.

ಇದು ನಮ್ಮ ಜಿಲ್ಲೆಗೆ ಹೊಸತಲ್ಲ. 1930ರ ಏಪ್ರಿಲ್ 13ಕ್ಕೆ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದವರ ಹೆಸರು ನಮಗೆ ಗೊತ್ತು. ಆಮೇಲೆ ಸಿದ್ದಾಪುರದ ಕರನಿರಾಕರಣೆಯಲ್ಲಿ ಹೆಂಗಸರೇ ಬೀದಿಗಿಳಿದರು, ಮಾವಿನಗುಂಡಿಯಲ್ಲಿ ಅವರ ನೆನಪಿಗೆ ಸ್ಮಾರಕ ಇದೆ. ಬಡಗೇರಿಯ ಹಾಡುಗಾರ್ತಿ ಸುಕ್ರಜ್ಜಿ, ಅಂದ್ರೆ ಸುಕ್ರಿ ಬೊಮ್ಮಗೌಡ, ಸರಾಯಿಯ ವಿರುದ್ಧ ಊರೂರು ತಿರುಗಿದ್ದು, 2017ರಲ್ಲಿ ಪದ್ಮಶ್ರೀ ಬಂತು ಅನ್ನೋದಕ್ಕಿಂತ ಎಷ್ಟೋ ಮೊದಲಿನ ಮಾತು. ಆಗ ಅವರಿಗೆ ಬಸ್ಸಿನ ಚಾರ್ಜು ಯಾರು ಕೊಟ್ರು ಅಂತ ನಾವು ಯಾರಾದ್ರೂ ಕೇಳಿದ್ವಾ?

ಚೀಟಿ ಬಂತು. ‘ಐದು ನಿಮಿಷ’ ಅಂತ ಬರೆದಿದೆ, ಕೆಳಗೆ ಗೆರೆ ಎಳೆದಿದೆ. ಶಿರಸಿಯವರು ದೇವಿಮನೆ ಘಟ್ಟ ಹತ್ತಬೇಕು, ಕತ್ತಲಾಗ್ತದೆ. ನಾನು ಆರು ವಿಷಯ ಬರೆದುಕೊಂಡು ಬಂದಿದ್ದೆ, ಎರಡಕ್ಕೇ ಹೊತ್ತು ಹೋಯ್ತು. ಕೆಲಸದ ಸ್ಥಳದ ಕಿರುಕುಳದ ಬಗ್ಗೆ 2013ರ ಕಾಯ್ದೆ, ಹತ್ತು ಜನ ಕೆಲಸ ಮಾಡುವ ಕಡೆಯೆಲ್ಲ ದೂರು ಸಮಿತಿ ಇರಬೇಕು, ಅದರಲ್ಲಿ ಹೊರಗಿನವರೊಬ್ಬರು ಇರಬೇಕು. ಅದನ್ನು ಇನ್ನೊಮ್ಮೆ ಹೇಳ್ತೇನೆ. ಗಂಡ, ಗಂಡನ ಮನೆಯವರ ಕ್ರೌರ್ಯಕ್ಕೆ ಹಾಕ್ತಿದ್ದ ಹಳೇ ದಂಡ ಸಂಹಿತೆಯ 498ಎ ಕಲಮು 2024ರ ಜುಲೈಯಿಂದ ಹೊಸ ಭಾರತೀಯ ನ್ಯಾಯ ಸಂಹಿತೆಯ 85 ಆಗಿದೆ. ಅಕ್ಕೋರು ಪಟ್ಟಿಯ ರಟ್ಟಿನ ಮೇಲೆ ಎರಡೂ ನಂಬರು ಬರೆದಿಟ್ಟಿದ್ದಾರೆ, ವಕೀಲರು ಬೇಕಾದ್ರೆ ನೋಡ್ಕೊಳ್ಳಿ. 181 ಸಹಾಯವಾಣಿ ನಿಮ್ಮ ಫೋನಿನಲ್ಲಿ ಇರಲಿ. ಉಳಿದದ್ದು ಬಿಟ್ಟೆ.

ಒಂದೇ ಒಂದು. ಈ ಸಭೆಗೆ ಬರುವಾಗ ಬಾಗಿಲಲ್ಲಿ ಒಂದು ಡಬ್ಬಿ ನೋಡಿದ್ರಲ್ಲ, ಅದು ನಾನು ಇಟ್ಟದ್ದು, ಅಕ್ಕೋರಿಗೆ ಹೇಳಿಲ್ಲ. ಅದರ ಮೇಲೆ ‘ದೇಣಿಗೆ’ ಅಂತ ಬರೆದಿಲ್ಲ, ‘ಹೋಗಿ ಬರುವ ಖರ್ಚು’ ಅಂತ ಬರೆದಿದೆ. ಅದಕ್ಕೊಂದು ಬೇರೆ ಪಟ್ಟಿ ಇದೆ, ಪೈಸೆ ಪೈಸೆ ಬರೆದಿಡ್ತೇವೆ.

ಮತ್ತೆ ನಾಳೆ ತಾರೀಕಿದೆ. ಹಣ್ಣಿನ ಬುಟ್ಟಿ ಇವತ್ತು ಸಿಕ್ಕಿದೆ ಅಂತ ಅಕ್ಕೋರು ನಾಳೆ ರಜೆ ಹಾಕುವವರಲ್ಲ, ಆದರೆ ಅವರ ಮೊಣಕಾಲು ಮೆಟ್ಟಿಲು ಹತ್ತೋದಿಲ್ಲ ಅಂತಿದೆ. ಹತ್ತೂವರೆಗೆ ಕೋರ್ಟಿನ ಹೊರಗಿನ ಬೆಂಚಿನ ಹತ್ತಿರ ಒಬ್ಬ ತಾಯಿ, ಎರಡು ಮಕ್ಕಳು ಇರ್ತಾರೆ. ಜೊತೆಗೆ ಕೂರಲು ಒಬ್ಬರು ಬೇಕು. ಬರುವವರು ಹೋಗುವಾಗ ನನ್ನ ಹತ್ತಿರ ಹೆಸರು ಹೇಳಿ ಹೋಗಿ. ಬಿಸ್ಕಿಟ್ ನಾನು ತರ್ತೇನೆ.