ಕುದುರೆಮುಖದಲ್ಲಿ ನಡೆಯುವುದು, ನೋಡುವುದು

ಸಭಿಕರೆಲ್ಲರಿಗೂ ನಮಸ್ಕಾರ.

ನಾಗರಹೊಳೆಯಲ್ಲೋ ಬಂಡೀಪುರದಲ್ಲೋ ಸಫಾರಿ ಮಾಡಿ ರೂಢಿಯಾದವರು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಹೋದರೆ, ಅಷ್ಟು ದೊಡ್ಡ ಕಾಡಿನಲ್ಲಿ ಒಂದು ಪ್ರಾಣಿಯೂ ಕಾಣಲಿಲ್ಲವೆಂಬ ದೂರು ಹೊತ್ತು ಮರಳುವುದುಂಟು. ದೂರು ಸುಳ್ಳಲ್ಲ. ಎಲೆ ಉದುರಿಸುವ ಕಾಡಿನಲ್ಲಿ ಬಿಸಿಲು ನೆಲ ಮುಟ್ಟುತ್ತದೆ, ಹುಲ್ಲು ಬೆಳೆಯುತ್ತದೆ, ಜಿಂಕೆಯ ಹಿಂಡು ಬಯಲಿಗೆ ಬರುತ್ತದೆ. ಕುದುರೆಮುಖದಂಥ ನಿತ್ಯಹರಿದ್ವರ್ಣದ ಮಳೆಕಾಡಿನಲ್ಲಿ ಬಿಸಿಲಿನ ಬಹುಪಾಲನ್ನು ಮರಗಳ ತಲೆಗಳು ಹೆಣೆದುಕೊಂಡ ಮೇಲಿನ ಹಂದರವೇ ಹೀರಿಕೊಳ್ಳುವುದರಿಂದ, ಚಿಗುರು, ಹೂವು, ಹಣ್ಣುಗಳೆಲ್ಲ ಹೆಚ್ಚಾಗಿ ನಮ್ಮ ತಲೆಯ ಮೇಲೆಯೇ ಇರುತ್ತವೆ. ಅವನ್ನು ನಂಬಿದ ಸಿಂಗಳೀಕ, ಕೆಂದಳಿಲು, ಮಂಗಟ್ಟೆ ಹಕ್ಕಿಗಳ ಸಂಸಾರವೂ ಅಲ್ಲಿಯೇ. ನಾವು ಮಾತ್ರ ರಕ್ತ ಹೀರುವ ಇಂಬಳಕ್ಕೆ ಹೆದರಿ ನೆಲ ನೋಡುತ್ತ ನಡೆಯುತ್ತೇವೆ.

1987ರಲ್ಲಿ ಘೋಷಿತವಾದ, ಸುಮಾರು 600 ಚ.ಕಿ.ಮೀ. ವಿಸ್ತಾರದ ಈ ಉದ್ಯಾನದ ಹುಟ್ಟಿಗೆ ವನ್ಯಜೀವಿ ವಿಜ್ಞಾನಿ ಡಾ. ಉಲ್ಲಾಸ ಕಾರಂತರು ಆ ದಶಕದಲ್ಲಿ ನಡೆಸಿದ ಸಿಂಗಳೀಕಗಳ ಸಮೀಕ್ಷೆ ಆಧಾರವಾಗಿತ್ತು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಸಿಂಹದಂತೆ ಕುಚ್ಚು ಇರುವ ಈ ಕೋತಿಗೆ ಪಶ್ಚಿಮಘಟ್ಟವಲ್ಲದೆ ಬೇರೆ ನೆಲೆಯಿಲ್ಲ. ಕೊಂಬೆಯಿಂದ ಕೊಂಬೆಗೆ ದಾಟಿ ಬದುಕುವ ಪ್ರಾಣಿಯಾದ್ದರಿಂದ, ಹಂದರ ಎಲ್ಲಿ ಹರಿಯುತ್ತದೋ ಅಲ್ಲಿ ಅದರ ಊರೂ ಮುಗಿದಂತೆ. ಘಟ್ಟದ ರಸ್ತೆಯಲ್ಲಿ ಕಾರು ನಿಲ್ಲಿಸಿ ಬಾಳೆಹಣ್ಣು ಎಸೆಯುವವರು ಅದನ್ನು ಚಕ್ರದಡಿಗೆ ಕರೆಯುತ್ತಿದ್ದಾರೆ ಎಂಬುದನ್ನು ಇಲ್ಲಿ ಹೇಳದೆ ಇರಲಾರೆ.

ಇನ್ನು ನಡಿಗೆಯ ಮಾತು. 1,890 ಮೀಟರ್ ಮೀರಿದ ಕುದುರೆಮುಖ ಶಿಖರಕ್ಕೆ ಮುಳ್ಳೋಡಿ ಎಂಬ ಹಳ್ಳಿಯ ಕಡೆಯಿಂದ ಹೋಗಿಬರಲು ಸುಮಾರು 20 ಕಿ.ಮೀ. ಆಗುತ್ತದೆ. ಅರಣ್ಯ ಇಲಾಖೆಯ ಅನುಮತಿ ಬೇಕು, ದಿನಕ್ಕೆ ಇಷ್ಟೇ ಜನರೆಂಬ ಮಿತಿಯಿದೆ, ಸಂಜೆಯೊಳಗೆ ಇಳಿದಿರಬೇಕು. ಹೀಗಾಗಿ ನಡಿಗೆ ಅರ್ಧ ಓಟವಾಗುತ್ತದೆ. ದಾರಿಯ ಹೆಚ್ಚಿನ ಭಾಗ ಹುಲ್ಲಿನ ಗುಡ್ಡ. ಶೋಲಾ, ಅಂದರೆ ಹುಲ್ಲುಗುಡ್ಡಗಳ ನಡುವಿನ ನಿತ್ಯಹರಿದ್ವರ್ಣದ ಕಾಡು, ಬೆಟ್ಟಗಳ ಮಡಿಕೆಯಲ್ಲಿ, ತೊರೆ ದಾಟುವಲ್ಲಿ, ಕೆಲವೇ ನಿಮಿಷ ಸಿಕ್ಕಿ ಜಾರಿಹೋಗುತ್ತದೆ. ಚಾರಣಿಗರು ಆ ತಂಪಿನಲ್ಲಿ ಬಾಟಲಿ ತುಂಬಿಸಿಕೊಂಡು, ದಣಿವಾರಿಸಿಕೊಳ್ಳಲು ನೋಟ ಚೆನ್ನಾಗಿರುವ ಬಯಲಿಗೆ ಹೋಗಿ ಕೂರುತ್ತಾರೆ. ನನ್ನ ಸಲಹೆ ಇದಕ್ಕೆ ಉಲ್ಟಾ: ಶಿಖರ ತಪ್ಪಿದರೂ ಚಿಂತೆಯಿಲ್ಲ, ಶೋಲಾದೊಳಗೆ ಅರ್ಧ ಗಂಟೆ ಮಾತಿಲ್ಲದೆ ಕುಳಿತುಕೊಳ್ಳಿ. ಮಳೆ ಹಿಂದೆ ಸರಿದ ಅಕ್ಟೋಬರಿನ ನಂತರದ ದಿನಗಳು ಇದಕ್ಕೆ ಒಳ್ಳೆಯವು. ಇಂಬಳ ಆಗಲೂ ಅಲ್ಲಲ್ಲಿ ಇರುತ್ತದೆ. ಕಚ್ಚಿದಲ್ಲಿ ರಕ್ತ ಹೆಪ್ಪುಗಟ್ಟದಂತೆ ಅದು ರಸ ಬಿಡುವುದರಿಂದ ಹರಿವು ನಿಲ್ಲಲು ತಡವಾಗುತ್ತದೆ, ಗಾಬರಿಪಡಬೇಕಾದ್ದಿಲ್ಲ.

ಕುಳಿತಾಗ ಮೊದಲು ಬರುವುದು ಸದ್ದು. ಎಲ್ಲೋ ಮರೆಯಲ್ಲಿ ದೊಡ್ಡ ಮಂಗಟ್ಟೆ ಹಾರಿದರೆ ಅದರ ರೆಕ್ಕೆಯ ಉಸಿರಾಟದಂಥ ಸದ್ದು ಹಕ್ಕಿ ಕಾಣುವ ಮುನ್ನವೇ ಕೇಳುತ್ತದೆ. ಗಾಳಿಯಿಲ್ಲದೆ ಒಂದೇ ಕೊಂಬೆ ಬಾಗಿ ಎದ್ದರೆ ಅಲ್ಲಿ ಭಾರದ ಪ್ರಾಣಿಯೊಂದು ದಾಟಿದೆ. ನೆಲದ ಮೇಲೆ ಅರ್ಧ ಕಚ್ಚಿ ಎಸೆದ ಕಾಡುಹಣ್ಣು ಬಿದ್ದಿದ್ದರೆ ಬಾಗಿ ನೋಡಿ. ಕಚ್ಚಿದ ಗಾಯ ಇನ್ನೂ ಹಸಿಯಾಗಿದ್ದರೆ ತಿಂದವರು ದೂರ ಹೋಗಿಲ್ಲ.